ಶಾಲೆ ಬಿಟ್ಟ ಮೇಲಿನ ವಿಜ್ಞಾನ: ನಿಮ್ಮ ಸಂಜೆಗೆ ಯಾವುದು ಹೊಂದುತ್ತದೆ?

ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಒಂದೆರಡು ಗಂಟೆ ನೋಡಿಕೊಳ್ಳುವ ಕಾರ್ಯಕ್ರಮಕ್ಕೆ ವಿಜ್ಞಾನ, ತಂತ್ರಜ್ಞಾನವನ್ನೂ ಸೇರಿಸೋಣ ಎಂದು ಹೊರಟವರು ಎಲ್ಲಕ್ಕಿಂತ ಮೊದಲು ಕೇಳುವುದು ‘ಯಾವ ಕಿಟ್ ಕೊಳ್ಳಬೇಕು?’ ಎಂದು. ನಾನೂ ಅದನ್ನೇ ಕೇಳಿದವನು. ಹಾಗೆ ಕೇಳಿ ತರಿಸಿದ ಎರಡು ರೋಬಾಟ್ ಕಿಟ್‌ಗಳು ಆರು ತಿಂಗಳು ಬೀರುವಿನಲ್ಲೇ ಕುಳಿತವು. ಒಂದರ ಚಾರ್ಜರ್ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇನ್ನೊಂದನ್ನು ಅರ್ಧ ಜೋಡಿಸಿದ್ದ ಹುಡುಗ ಮರುವಾರ ಬರಲಿಲ್ಲ. ಅವನು ಯಾವ ಹಂತದಲ್ಲಿ ಬಿಟ್ಟಿದ್ದ ಎಂಬುದು ಉಳಿದವರಿಗೆ ಅರ್ಥವಾಗಲಿಲ್ಲ. ಅದೇ ಆರು ತಿಂಗಳಲ್ಲಿ ಮಕ್ಕಳು ತಾವಾಗಿ ಕೇಳಿ ಮತ್ತೆ ಮತ್ತೆ ಮಾಡಿದ್ದು ದಾರ, ಕಲ್ಲು, ಗಡಿಯಾರ ಇಷ್ಟರಲ್ಲಿ ಮುಗಿಯುವ ಒಂದು ಪ್ರಯೋಗವನ್ನು.

ಆ ಕಿಟ್‌ಗಳಲ್ಲಿ ದೋಷವೇನೂ ಇರಲಿಲ್ಲ. ನಮ್ಮ ಸಂಜೆಗೆ ಅವು ಹೊಂದುತ್ತಿರಲಿಲ್ಲ, ಅಷ್ಟೆ. ಶಾಲೆಯ ತರಗತಿಗೆ ಹಾಜರಿ, ಪಠ್ಯ, ಪರೀಕ್ಷೆ ಎಂಬ ಮೂರು ಊರುಗೋಲುಗಳಿವೆ. ಸಂಜೆಗೆ ಮೂರೂ ಇಲ್ಲ. ಮಕ್ಕಳು ದಣಿದು ಬಂದಿರುತ್ತಾರೆ. ಏಳು ವರ್ಷದವಳೂ ಹದಿಮೂರು ವರ್ಷದವನೂ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಕೆಲಸ ರಂಗೇರುವ ಹೊತ್ತಿಗೆ ಯಾರದೋ ಅಪ್ಪ ಬಾಗಿಲಲ್ಲಿ ನಿಂತಿರುತ್ತಾರೆ. ನಡೆಸುವವರು ಬಹುಪಾಲು ವಿಜ್ಞಾನ ಓದಿದವರಲ್ಲ. ಇದನ್ನೆಲ್ಲ ತಾಳಿಕೊಳ್ಳುವ ಚಟುವಟಿಕೆ ಯಾವುದು ಎಂಬುದೇ ಈ ಹೋಲಿಕೆಯ ಅಳತೆಗೋಲು.

ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ಕಳೆದ ನಾಲ್ಕು ವಾರಗಳ ಹಾಜರಿ ಪುಸ್ತಕ ತೆಗೆಯಿರಿ. ನಾಲ್ಕರಲ್ಲಿ ಮೂರು ವಾರವಾದರೂ ಬಂದ ಮಕ್ಕಳೆಷ್ಟು ಎಂದು ಎಣಿಸಿ. ಅರ್ಧಕ್ಕಿಂತ ಕಡಿಮೆ ಇದ್ದರೆ ವಾರದಿಂದ ವಾರಕ್ಕೆ ಮುಂದುವರಿಯುವ ಯೋಜನೆಗಳನ್ನು ಸದ್ಯಕ್ಕೆ ಮರೆತುಬಿಡಿ. ಒಂದೇ ಸಂಜೆಯಲ್ಲಿ ಆರಂಭವಾಗಿ ಮುಗಿಯುವಂಥದ್ದನ್ನೇ ಹುಡುಕಿ. ಈ ಒಂದು ಸಂಖ್ಯೆ ಎಷ್ಟೋ ವಾದಗಳನ್ನು ಮೊಳಕೆಯಲ್ಲೇ ಮುಗಿಸುತ್ತದೆ.

ಎರಡನೆಯದು ನಿಜವಾಗಿ ಕೈಗೆ ಸಿಗುವ ಹೊತ್ತು. ವೇಳಾಪಟ್ಟಿಯಲ್ಲಿ 90 ನಿಮಿಷ ಎಂದಿದ್ದರೆ, ಬಂದು ಕೂತು ಕೈತೊಳೆದು ತಿಂಡಿ ತಿನ್ನಲು 20 ನಿಮಿಷ, ಕೊನೆಗೆ ಎತ್ತಿಡಲು 15 ನಿಮಿಷ ಕಳೆಯಿರಿ. ಉಳಿದ 55 ನಿಮಿಷದಲ್ಲಿ ವಿವರಣೆಗೆ ಐದು ನಿಮಿಷಕ್ಕಿಂತ ಹೆಚ್ಚು ಕೊಟ್ಟರೆ ಮಕ್ಕಳ ಕೈಗೆ ಏನೂ ದಕ್ಕುವುದಿಲ್ಲ. ಲ್ಯಾಪ್‌ಟಾಪ್‌ಗಳು ಆನ್ ಆಗಿ, ಅಪ್‌ಡೇಟ್ ಕೇಳಿ, ಪಾಸ್‌ವರ್ಡ್ ತಪ್ಪಾಗಿ, ಕೊನೆಗೆ ತೆರೆದುಕೊಳ್ಳುವಷ್ಟರಲ್ಲಿ ಇನ್ನೂ ಹತ್ತು ನಿಮಿಷ ಹೋಗುತ್ತದೆ. ಇದನ್ನು ಕುಹಕಕ್ಕೆ ಹೇಳುತ್ತಿಲ್ಲ, ಗಡಿಯಾರ ಹಿಡಿದು ನೋಡಿದ್ದೇನೆ.

ಮೂರನೆಯದು ನಡೆಸುವವರ ಧೈರ್ಯ. ವಿಜ್ಞಾನದ ಪದವಿ ಬೇಕಿಲ್ಲ. ‘ನನಗೂ ಗೊತ್ತಿಲ್ಲ, ಮಾಡಿ ನೋಡೋಣ’ ಎಂದು ಮಕ್ಕಳೆದುರು ಮುಜುಗರವಿಲ್ಲದೆ ಹೇಳಬಲ್ಲವರು ಬೇಕು. ಅಂಥವರು ಇಲ್ಲದ ಕಡೆ ಕೈಪಿಡಿ ನೋಡಿ ಹೆಜ್ಜೆಹೆಜ್ಜೆಯಾಗಿ ಮಾಡಿಸುವ ಕಿಟ್‌ಗಳೇ ಆರಂಭಕ್ಕೆ ಕ್ಷೇಮ.

ಕೈಯಾರೆ ಮಾಡುವ ಪ್ರಯೋಗಗಳು

ನನ್ನ ಮೊದಲ ಮತ ಇದಕ್ಕೆ. ಕಾರಣ ಹೇಳಲು ಮೇಲೆ ಹೇಳಿದ ದಾರ, ಕಲ್ಲಿನ ಪ್ರಯೋಗವನ್ನೇ ಹತ್ತಿರದಿಂದ ತೋರಿಸುತ್ತೇನೆ.

ದಾರಕ್ಕೆ ಕಲ್ಲು ಕಟ್ಟಿ, ತೂಗುವ ಜಾಗದಿಂದ ಕಲ್ಲಿನ ನಡುಭಾಗಕ್ಕೆ 25 ಸೆಂಟಿಮೀಟರ್ ಇರುವಂತೆ ಮೇಜಿನ ಅಂಚಿಗೆ ನೇತುಹಾಕುತ್ತೇವೆ. ಸ್ವಲ್ಪವೇ ಎಳೆದು ಬಿಟ್ಟು, ಹೋಗಿ ಬರುವುದನ್ನು ಒಂದು ಎಂದು ಎಣಿಸಿದರೆ ಹತ್ತು ಓಲಾಟಕ್ಕೆ ಸುಮಾರು 10 ಸೆಕೆಂಡ್. ‘ಭಾರದ ಕಲ್ಲು ಕಟ್ಟಿದರೆ?’ ಎಂದು ಕೇಳಿ. ಬಹಳಷ್ಟು ಮಕ್ಕಳು ಬೇಗ ಓಲಾಡುತ್ತದೆ ಎನ್ನುತ್ತಾರೆ, ಕೆಲವರು ನಿಧಾನ ಎನ್ನುತ್ತಾರೆ. ಕಟ್ಟಿ ನೋಡಿದರೆ ಮತ್ತೆ 10 ಸೆಕೆಂಡ್. ಒಬ್ಬ ಹುಡುಗ ಇದನ್ನು ಒಪ್ಪಲೇ ಇಲ್ಲ. ಇದ್ದ ಕಲ್ಲಿನ ಕೆಳಗೆ ಇನ್ನೊಂದು ಕಲ್ಲು ಕಟ್ಟಿ ಎಣಿಸಿದ. ಸುಮಾರು 11 ಸೆಕೆಂಡ್ ಬಂತು. ‘ಭಾರ ಹೆಚ್ಚಾದರೆ ನಿಧಾನ!’ ಎಂದು ಕೂಗಿದ. ಎಲ್ಲರೂ ಅವನ ಪಕ್ಷ ಸೇರಿದರು. ನಾನು ಸುಮ್ಮನಿದ್ದೆ, ಸುಮ್ಮನಿರುವುದೇ ಈ ಕೆಲಸದಲ್ಲಿ ಕಷ್ಟದ ಭಾಗ. ಐದಾರು ನಿಮಿಷ ಕಳೆದ ಮೇಲೆ ಮೂಲೆಯಲ್ಲಿದ್ದ ಹುಡುಗಿಯೊಬ್ಬಳು, ಎರಡನೇ ಕಲ್ಲು ಕೆಳಗೆ ಜೋತುಬಿದ್ದಿದ್ದರಿಂದ ದಾರವೇ ಉದ್ದವಾದ ಹಾಗಾಯಿತಲ್ಲ ಎಂದಳು. ಎರಡೂ ಕಲ್ಲುಗಳನ್ನು ಒಂದೇ ಎತ್ತರದಲ್ಲಿ ಅಕ್ಕಪಕ್ಕ ಕಟ್ಟಿದರು. ಮತ್ತೆ 10 ಸೆಕೆಂಡ್. ಅಲ್ಲಿಂದ ದಾರದ ಉದ್ದವನ್ನು ಒಂದು ಮೀಟರ್ ಮಾಡಿದರೆ ಏನಾಗುತ್ತದೆ ಎಂದು ಅವರೇ ಹೊರಟರು. ನಾಲ್ಕು ಪಟ್ಟು ಉದ್ದಕ್ಕೆ ಹೊತ್ತು ನಾಲ್ಕು ಪಟ್ಟಾಗದೆ ಎರಡೇ ಪಟ್ಟು, ಅಂದರೆ ಹತ್ತು ಓಲಾಟಕ್ಕೆ ಸುಮಾರು 20 ಸೆಕೆಂಡ್ ಬಂದಾಗ ಗಡಿಯಾರವೇ ಸರಿಯಿಲ್ಲ ಎಂಬ ಅನುಮಾನ ಹುಟ್ಟಿತು. ಇದು ಒಂದೇ ಸಂಜೆಯ ಕಥೆ. ಹಿಂದಿನ ವಾರ ಬಾರದವರಿಗೆ ಏನೂ ತಪ್ಪಿರಲಿಲ್ಲ, ಮುಂದಿನ ವಾರ ಬಾರದವರಿಗೂ ಏನೂ ಬಾಕಿ ಉಳಿಯಲಿಲ್ಲ.

ತಂತ್ರಜ್ಞಾನದ ಕಡೆಗೆ ವಾಲಿದ್ದು ಬೇಕೆಂದರೆ ಕಾಗದದ ಮೇಲಿನ ವಿದ್ಯುತ್ ಮಂಡಲ ಇದೆ: ಅಂಟುವ ತಾಮ್ರದ ಪಟ್ಟಿ, 3 ವೋಲ್ಟ್‌ನ ನಾಣ್ಯದಂಥ ಸೆಲ್, ಎಲ್‌ಇಡಿ ದೀಪ. ಎಲ್‌ಇಡಿಯ ಉದ್ದನೆಯ ಕಾಲು ಧನ ತುದಿಗೆ. ಕೆಂಪು ದೀಪ ಹೊತ್ತಿತು. ಅದೇ ಸೆಲ್‌ಗೆ ಅದರ ಪಕ್ಕದಲ್ಲೇ ಇನ್ನೊಂದು ಕವಲಾಗಿ ನೀಲಿ ದೀಪ ಸೇರಿಸಿದರೆ ನೀಲಿ ಉರಿಯುವುದಿಲ್ಲ. ಕೆಂಪನ್ನು ಕಿತ್ತ ಕೂಡಲೇ ನೀಲಿ ಹೊತ್ತಿಕೊಳ್ಳುತ್ತದೆ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಆಸುಪಾಸು ಸಾಕು, ನೀಲಿಗೆ 3 ವೋಲ್ಟ್ ಹತ್ತಿರ ಬೇಕು. ಕೆಂಪು ತನ್ನ ಮಟ್ಟಕ್ಕೆ ವೋಲ್ಟೇಜನ್ನು ಎಳೆದು ಇಳಿಸುತ್ತದೆ. ಈ ಒಗಟಿಗೆ ಹತ್ತು ವರ್ಷದವರೂ ಹದಿನಾಲ್ಕರವರೂ ಒಟ್ಟಿಗೇ ತಲೆ ಕೆರೆದುಕೊಳ್ಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ, ಇದರಲ್ಲಿ ರಿಯಾಯಿತಿ ಇಲ್ಲ. ನಾಣ್ಯದಂಥ ಲಿಥಿಯಂ ಸೆಲ್ ಅನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ತೀವ್ರವಾಗಿ ಸುಡಬಹುದು. ಕೊಡುವಾಗ ಎಣಿಸಿ ಕೊಡಿ, ಒಬ್ಬ ಮಗುವನ್ನೂ ಮನೆಗೆ ಕಳಿಸುವ ಮೊದಲು ಎಣಿಸಿ ತೆಗೆದುಕೊಳ್ಳಿ. ಮನೆಗೆ ಕಳಿಸುವ ಕೆಲಸಕ್ಕೆ ಸೆಲ್ ಅಂಟಿಸಿ ಕೊಡಬೇಡಿ. ಗುಂಪಿನಲ್ಲಿ ತೀರಾ ಚಿಕ್ಕವರಿದ್ದರೆ ಅಥವಾ ತಮ್ಮ ತಂಗಿಯರು ಜೊತೆಗೆ ಬರುತ್ತಿದ್ದರೆ, ಎರಡು ಎಎಎ ಸೆಲ್ ಕೂರುವ ಡಬ್ಬಿಯನ್ನು ವಿದ್ಯುತ್ ಹರಿವನ್ನು ತಗ್ಗಿಸುವ 100 ಓಮ್‌ನ ಒಂದು ರೆಸಿಸ್ಟರ್ ಜೊತೆ ಬಳಸಿ. ಎರಡು ದೀಪಗಳಿಗೂ ಸೇರಿ ಅದೊಂದೇ ರೆಸಿಸ್ಟರ್ ಇಟ್ಟರೆ ಕೆಂಪು, ನೀಲಿಯ ಒಗಟೂ ಹಾಗೆಯೇ ಉಳಿಯುತ್ತದೆ.

ಇದೇ ಸಾಲಿಗೆ ಫೋಲ್ಡ್‌ಸ್ಕೋಪ್ ಕೂಡ ಸೇರುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ, ಕಾಗದವನ್ನು ಮಡಚಿ ಮಾಡುವ ಸೂಕ್ಷ್ಮದರ್ಶಕ ಅದು. ಗಾಜಿನ ಪುಟ್ಟ ಗುಂಡಿನಂಥ ಮಸೂರ ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. 17ನೇ ಶತಮಾನದಲ್ಲಿ ಲೇವನ್‌ಹುಕ್ ಒಂದೇ ಪುಟ್ಟ ಮಸೂರ ಇಟ್ಟುಕೊಂಡು ನೀರಿನ ಹನಿಯಲ್ಲಿ ಜೀವಿಗಳನ್ನು ಕಂಡನಲ್ಲ, ಅದೇ ತತ್ವ. ಮಡಚುವುದಕ್ಕೇ ಒಂದು ಸಂಜೆ ಬೇಕು. ಕೊಳದ ನೀರು ನೋಡುವುದನ್ನು ಎರಡನೇ ಸಂಜೆಗೆ ಇಟ್ಟುಕೊಳ್ಳಿ.

ಮಕ್ಕಳು ಯಾವಾಗ ಬೇಕಾದರೂ ಬಂದು ಹೋಗುವ ಕಡೆಗಳಲ್ಲಿ ಗಾಳಿಕೊಳವೆ ಚೆನ್ನಾಗಿ ನಡೆಯುತ್ತದೆ. 1969ರಲ್ಲಿ ಫ್ರಾಂಕ್ ಓಪನ್‌ಹೈಮರ್ ಸ್ಥಾಪಿಸಿದ ಸ್ಯಾನ್ ಫ್ರಾನ್ಸಿಸ್ಕೊದ ಎಕ್ಸ್‌ಪ್ಲೊರಟೋರಿಯಂ ಎಂಬ ವಿಜ್ಞಾನ ಸಂಗ್ರಹಾಲಯ ಇದನ್ನು ಜನಪ್ರಿಯಗೊಳಿಸಿತು. ಮೇಲ್ಮುಖವಾಗಿ ಮಲಗಿಸಿದ ಫ್ಯಾನಿನ ಮೇಲೆ ಪಾರದರ್ಶಕ ಹಾಳೆಯ ಉದ್ದ ಕೊಳವೆ. ಕಾಗದದ ಲೋಟ, ಗರಿ, ಟೇಪಿನಿಂದ ಏನಾದರೂ ಮಾಡಿ ಒಳಗೆ ಬಿಡುವುದು. ಹಾರಿಹೋಗಬಾರದು, ಬೀಳಲೂ ಬಾರದು, ನಡುವೆ ತೇಲಬೇಕು. ವಿವರಣೆ ಇಷ್ಟೇ.

ಪರದೆ ಇದ್ದರೂ ಇಲ್ಲದಿದ್ದರೂ ಕೋಡಿಂಗ್

ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ‘ಸಿಎಸ್ ಅನ್‌ಪ್ಲಗ್ಡ್’ ಚಟುವಟಿಕೆಗಳು ನ್ಯೂಜಿಲೆಂಡ್‌ನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಸಹೋದ್ಯೋಗಿಗಳಿಂದ ಬಂದವು. ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ 16, 8, 4, 2, 1 ಚುಕ್ಕೆಗಳ ರಟ್ಟು ಕೊಡುವುದು. 21 ತೋರಿಸಿ ಎಂದರೆ 16, 4, 1 ಹಿಡಿದವರು ರಟ್ಟು ಎತ್ತಬೇಕು. ಸೊನ್ನೆಯಿಂದ 31ರವರೆಗೆ ಎಲ್ಲ ಸಂಖ್ಯೆಯೂ ಬರುತ್ತದೆ, ಯಾವುದೂ ಎರಡು ರೀತಿಯಲ್ಲಿ ಬರುವುದಿಲ್ಲ. ಇಪ್ಪತ್ತು ನಿಮಿಷದ ಆಟ. ಕರೆಂಟ್ ಹೋದ ಸಂಜೆಗೆ ಇದನ್ನು ಜೇಬಿನಲ್ಲಿಟ್ಟುಕೊಂಡಿರಬೇಕು. ಆದರೆ ಇದರಿಂದಲೇ ಒಂದು ವರ್ಷ ತಳ್ಳಲಾಗದು. ಮಕ್ಕಳು ಬೇಗನೆ ‘ನಿಜವಾದ ಕಂಪ್ಯೂಟರ್ ಯಾವಾಗ?’ ಎನ್ನುತ್ತಾರೆ.

ನಿಜವಾದ ಕಂಪ್ಯೂಟರ್ ಇದ್ದರೆ ಸ್ಕ್ರ್ಯಾಚ್ ಎಂಬ ಕೋಡಿಂಗ್ ತಂತ್ರಾಂಶಕ್ಕೆ ಹೋಲುವ ಇನ್ನೊಂದು ಆರಂಭ ನನಗೆ ಕಂಡಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಇದು ಉಚಿತ. 8ರಿಂದ 16 ವರ್ಷದವರಿಗೆಂದು ರೂಪಿಸಿದ್ದು. ಆಜ್ಞೆಗಳನ್ನು ಟೈಪ್ ಮಾಡುವ ಬದಲು ಬಣ್ಣದ ತುಂಡುಗಳನ್ನು ಒಂದಕ್ಕೊಂದು ಕೂರಿಸುವುದು. 5ರಿಂದ 7 ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್ ಬೇರೆಯೇ ಇದೆ. ಇಂಟರ್ನೆಟ್ ನಂಬಿಕೆಗೆ ಅರ್ಹವಲ್ಲದ ಕಡೆ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಂಡು ಬಳಸಬಹುದು.

ಸ್ಕ್ರ್ಯಾಚ್‌ನ ತೊಂದರೆ ಅದರೊಳಗೆ ಇಲ್ಲ, ಕುರ್ಚಿಯಲ್ಲಿದೆ. ಇಬ್ಬರಿಗೆ ಒಂದು ಕಂಪ್ಯೂಟರ್ ಕೊಟ್ಟರೆ ಮೊದಲೇ ಬಲ್ಲವರ ಕೈ ಮೌಸ್ ಹಿಡಿಯುತ್ತದೆ, ಇನ್ನೊಬ್ಬರು ನೋಡುತ್ತಾ ಕೂರುತ್ತಾರೆ. ನಾನು ಕಂಡ ಗುಂಪುಗಳಲ್ಲಿ ಹಾಗೆ ಕೂತವರು ಹೆಚ್ಚಾಗಿ ಹುಡುಗಿಯರು ಮತ್ತು ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು. ಏಳು ನಿಮಿಷಕ್ಕೊಮ್ಮೆ ಅಲಾರಂ ಹೊಡೆಸಿ ಜಾಗ ಬದಲಿಸಿ. ಮೌಸ್ ಹಿಡಿದವರು ಪಕ್ಕದವರು ಹೇಳಿದ್ದನ್ನು ಮಾತ್ರ ಮಾಡಬೇಕು ಎಂಬ ನಿಯಮ ಇಡಿ. ಮೊದಲ ವಾರ ಗೊಣಗುತ್ತಾರೆ. ಇದೊಂದನ್ನು ಮಾಡದಿದ್ದರೆ ಮಾತ್ರ, ಹತ್ತು ಲ್ಯಾಪ್‌ಟಾಪ್‌ಗಳಿಂದ ಹತ್ತೇ ಮಕ್ಕಳು ಕಲಿತ ಹಾಗೆ.

ಮೈಕ್ರೋಬಿಟ್ಟೋ ಆರ್ಡುಯಿನೊವೋ

ಸ್ಕ್ರ್ಯಾಚ್ ಪರದೆಯೊಳಗಿನ ಬೆಕ್ಕಿನ ಚಿತ್ರವನ್ನು ಓಡಿಸಿ ಸಾಕಾದವರಿಗೆ ಹೊರಗಿನ ವಸ್ತುವನ್ನು ಕೋಡ್‌ನಿಂದ ಆಡಿಸುವ ಆಸೆ ಹುಟ್ಟುತ್ತದೆ. ಇಲ್ಲಿ ಎರಡು ಹಾದಿ.

ಮೈಕ್ರೋಬಿಟ್ ಬಿಬಿಸಿಯ ಮುಂದಾಳತ್ವದಲ್ಲಿ ಹುಟ್ಟಿ 2016ರಲ್ಲಿ ಬ್ರಿಟನ್ನಿನ 11–12 ವರ್ಷದ ಮಕ್ಕಳಿಗೆ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಉಚಿತವಾಗಿ ಹಂಚಿದ ಪುಟ್ಟ ಕಂಪ್ಯೂಟರ್ ಹಲಗೆ. ಅಂಗೈಯಲ್ಲಿ ಅಡಗುವ ಗಾತ್ರ. ಎರಡು ಗುಂಡಿ, 25 ಪುಟ್ಟ ದೀಪ, ಅಲುಗಾಟ ಮತ್ತು ದಿಕ್ಕು ಅರಿಯುವ ಸೆನ್ಸರ್‌ಗಳು ಅದರಲ್ಲೇ ಕೂತಿವೆ. ತಂತಿ ಜೋಡಿಸದೆಯೇ ಹತ್ತು ನಿಮಿಷದಲ್ಲಿ ‘ಅಲುಗಿಸಿದರೆ ದಾಳದ ಹಾಗೆ ಅಂಕಿ ತೋರಿಸು’ ಎಂಬುದು ಕೆಲಸ ಮಾಡುತ್ತದೆ. ಮೇಕ್‌ಕೋಡ್ ಎಂಬ ಉಚಿತ ತಾಣದಲ್ಲಿ ಹಲಗೆಯ ಚಿತ್ರವೇ ಪರದೆಯ ಮೇಲೆ ಓಡುವುದರಿಂದ ಹಲಗೆ ಕಡಿಮೆ ಇದ್ದರೂ ಯಾರೂ ಕಾಯಬೇಕಿಲ್ಲ.

ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರೆಯಾದ ವಿನ್ಯಾಸ ಸಂಸ್ಥೆಯೊಂದರಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿತು. ಇದು ಬರಿಯ ಮಿದುಳು. ಕಣ್ಣು, ಕಿವಿ, ಬೆರಳುಗಳನ್ನು ನೀವೇ ಬ್ರೆಡ್‌ಬೋರ್ಡ್ ಎಂಬ ತೂತುಗಳ ಹಲಗೆಯ ಮೇಲೆ ತಂತಿಯಿಂದ ಜೋಡಿಸಬೇಕು, ಸಾಮಾನ್ಯವಾಗಿ ಸಿ++ ಎಂಬ ಕಂಪ್ಯೂಟರ್ ಭಾಷೆಯ ಮಾದರಿಯ ಕೋಡ್ ಟೈಪ್ ಮಾಡಬೇಕು. ಅರ್ಧವಿರಾಮ ಚಿಹ್ನೆಯೊಂದು ಬಿಟ್ಟುಹೋದರೆ ಓಡುವುದಿಲ್ಲ. ಹೆಚ್ಚು ಕಲಿಸುವುದು ಇದೇ, ಅದರಲ್ಲಿ ಅನುಮಾನವಿಲ್ಲ. ಸಡಿಲವಾದ ಒಂದು ತಂತಿಯನ್ನು ಹುಡುಕಿ ಸಿಕ್ಕಾಗಿನ ಖುಷಿ ಮೈಕ್ರೋಬಿಟ್‌ನಲ್ಲಿ ಸಿಗದು. ಆದರೆ 55 ನಿಮಿಷದಲ್ಲಿ 40 ನಿಮಿಷ ಆ ತಂತಿ ಹುಡುಕುವುದಕ್ಕೇ ಹೋದರೆ ಹದಿಮೂರರ ಒಳಗಿನವರು ಮುಂದಿನ ವಾರ ಚೆಂಡಾಟಕ್ಕೆ ಹೋಗುತ್ತಾರೆ. ಪ್ರತಿವಾರ ತಪ್ಪದೆ ಬರುವ, ಹದಿಮೂರು ದಾಟಿದ ನಾಲ್ಕೈದು ಜನರಿದ್ದರೆ ಅವರಿಗೆಂದು ಆರ್ಡುಯಿನೊ ತನ್ನಿ. ಉಳಿದವರಿಗೆಲ್ಲ ಮೈಕ್ರೋಬಿಟ್.

ಯಾವುದನ್ನೇ ತಂದರೂ ಯುಎಸ್‌ಬಿ ಕೇಬಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ಗುರುತು ಹಾಕಿ. ಕೆಲವು ಕೇಬಲ್‌ಗಳು ಚಾರ್ಜ್ ಮಾಡಲು ಮಾತ್ರ. ಅವುಗಳೊಳಗೆ ಮಾಹಿತಿ ಸಾಗಿಸುವ ತಂತಿಯೇ ಇರುವುದಿಲ್ಲ. ನೋಡಲು ಎರಡೂ ಒಂದೇ. ದೀಪ ಹೊತ್ತುತ್ತದೆ, ಕಂಪ್ಯೂಟರ್ ಮಾತ್ರ ಹಲಗೆಯನ್ನು ಗುರುತಿಸುವುದಿಲ್ಲ. ಈ ಕಾರಣಕ್ಕೆ ಹಲಗೆಯೇ ಕೆಟ್ಟಿದೆ ಎಂದು ಮೂಲೆಗೆ ಎಸೆದ ಮೂರು ಮೈಕ್ರೋಬಿಟ್‌ಗಳನ್ನು ನಾನು ಒಂದು ವರ್ಷದ ಮೇಲೆ ‘ರಿಪೇರಿ’ ಮಾಡಿದೆ, ಕೇಬಲ್ ಬದಲಿಸಿ.

ರೋಬಾಟ್ ತಂಡ ಮತ್ತು ಸ್ಪರ್ಧೆ

ಡೀನ್ ಕೇಮನ್ 1989ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಫಸ್ಟ್ ಸಂಸ್ಥೆ, ಆಮೇಲೆ ಲೆಗೊ ಕಂಪನಿಯ ಜೊತೆಗೂಡಿ ನಡೆಸಿದ ಫಸ್ಟ್ ಲೆಗೊ ಲೀಗ್ ಈ ದಾರಿಯ ಬಹು ಪರಿಚಿತ ಹೆಸರು. ಹೆಚ್ಚೆಂದರೆ ಹತ್ತು ಮಕ್ಕಳ ತಂಡ, ಮೇಜಿನ ಮೇಲೆ ಎರಡೂವರೆ ನಿಮಿಷದಲ್ಲಿ ರೋಬಾಟ್ ಮಾಡಿ ಮುಗಿಸಬೇಕಾದ ಕೆಲಸಗಳು, ಜೊತೆಗೆ ನಿಜವಾದ ಸಮಸ್ಯೆಯೊಂದಕ್ಕೆ ತಂಡ ಹುಡುಕಿದ ಪರಿಹಾರ. ಆ ಎರಡೂವರೆ ನಿಮಿಷಕ್ಕೆ ತಿಂಗಳುಗಳ ತಯಾರಿ.

ಇದರ ಬಲ ಏನೆಂದರೆ ಹೊರಗಿನ ಗಡುವು. ‘ಇಷ್ಟು ಸಾಕು’ ಎನ್ನುವ ಮಕ್ಕಳೂ ಸ್ಪರ್ಧೆಯ ದಿನ ಹತ್ತಿರವಾದಂತೆ ರೋಬಾಟ್ ಎರಡು ಡಿಗ್ರಿ ಎಡಕ್ಕೆ ಏಕೆ ಎಳೆಯುತ್ತದೆ ಎಂದು ಚಕ್ರ ಬಿಚ್ಚಿ ನೋಡುತ್ತಾರೆ. ದೌರ್ಬಲ್ಯವೂ ಅದರ ಪಕ್ಕದಲ್ಲೇ ಇದೆ: ಗಡುವು ಹತ್ತಿರವಾದಂತೆ ಮೂವರು ಮಾಡುತ್ತಾರೆ, ಏಳು ಜನ ಭಿತ್ತಿಪತ್ರಕ್ಕೆ ಬಣ್ಣ ತುಂಬುತ್ತಾರೆ. ಇದನ್ನು ತಡೆಯಲು ಬಲ್ಲ, ಗೆಲುವಿನ ಆಸೆಯನ್ನು ನುಂಗಿಕೊಳ್ಳಬಲ್ಲ ಹಿರಿಯರು ಇದ್ದರೆ ಮಾತ್ರ ಹೆಸರು ನೋಂದಾಯಿಸಿ. ತಪ್ಪದೆ ಬರುವ ಎಂಟು ಮಕ್ಕಳಾದರೂ ಬೇಕು. ಹಾಜರಿ ಪುಸ್ತಕದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತನ್ನು ಕಿಟ್ ಮಾರುವವರು ಹೇಳುವುದಿಲ್ಲ. ಲೆಗೊ ತನ್ನ ಮೈಂಡ್‌ಸ್ಟಾರ್ಮ್ಸ್ ರೋಬಾಟ್ ಕಿಟ್‌ಗಳ ಸಾಲನ್ನು 1998ರಲ್ಲಿ ಆರಂಭಿಸಿ 2022ರ ಕೊನೆಗೆ ನಿಲ್ಲಿಸಿತು. ಕಾಲು ಶತಮಾನ ನಡೆದ ಸಾಲಿಗೇ ಹೀಗಾದರೆ ನಿನ್ನೆ ಮೊನ್ನೆ ಹುಟ್ಟಿದ ಕಂಪನಿಯ ರೋಬಾಟ್ ಕಥೆ ಏನು? ಅದರ ಆ್ಯಪ್ ಮುಂದಿನ ವರ್ಷದ ಟ್ಯಾಬ್ಲೆಟ್‌ನಲ್ಲಿ ತೆರೆಯದಿದ್ದರೆ ಪೆಟ್ಟಿಗೆಯಲ್ಲಿ ಉಳಿಯುವುದು ಪ್ಲಾಸ್ಟಿಕ್ ಮಾತ್ರ. ಒಂದೇ ಕಂಪನಿಯ ಆ್ಯಪ್ ಇಲ್ಲದೆ ಅಲುಗದ ಯಾವುದನ್ನೂ ದೊಡ್ಡ ಸಂಖ್ಯೆಯಲ್ಲಿ ಕೊಳ್ಳಬೇಡಿ.

ಸ್ಪರ್ಧೆ ಬೇಡ, ಗಡುವು ಬೇಕು ಎನ್ನುವವರಿಗೆ ನಡುದಾರಿಯೊಂದಿದೆ: ಎಂಟು ವಾರಕ್ಕೊಮ್ಮೆ ಮನೆಯವರನ್ನು ಕರೆದು ತೋರಿಸುವ ದಿನ. ಬಹುಮಾನ ಇಲ್ಲ. ಓಡದ ರೋಬಾಟನ್ನೂ ಮೇಜಿನ ಮೇಲಿಟ್ಟು ಏಕೆ ಓಡಲಿಲ್ಲ ಎಂದು ವಿವರಿಸಬಹುದು.

ಎಣಿಸುವ, ಬರೆದಿಡುವ ವಿಜ್ಞಾನ

ಯಾರೂ ಹೆಚ್ಚು ಯೋಚಿಸದ, ನನ್ನ ಲೆಕ್ಕದಲ್ಲಿ ಎರಡನೇ ಸ್ಥಾನ ಪಡೆಯುವ ಆಯ್ಕೆ ನಾಗರಿಕ ವಿಜ್ಞಾನ, ಅಂದರೆ ಸಾಮಾನ್ಯ ಜನರೇ ನೋಡಿ, ಅಳೆದು ವಿಜ್ಞಾನಿಗಳಿಗೆ ಮಾಹಿತಿ ಕೂಡಿಸಿಕೊಡುವುದು. ಅಮೆರಿಕದಲ್ಲಿ 1900ರಲ್ಲಿ ಶುರುವಾದ ಕ್ರಿಸ್‌ಮಸ್ ಹಕ್ಕಿ ಎಣಿಕೆ ಇಂದಿಗೂ ನಡೆಯುತ್ತಿದೆ. 1998ರಲ್ಲಿ ಆರಂಭವಾದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಈಗ ಪ್ರತಿ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ನಡೆಯುತ್ತದೆ. ಕನಿಷ್ಠ 15 ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿ ದಾಖಲಿಸಿದರೆ ಸಾಕು. ಮಕ್ಕಳಿಗೆಂದೇ ರೂಪಿಸಿ 1995ರಿಂದ ನಡೆಯುತ್ತಿರುವ ಗ್ಲೋಬ್ ಕಾರ್ಯಕ್ರಮದಲ್ಲಿ ಮೋಡ, ಮಣ್ಣು, ನೀರುಗಳನ್ನು ಅಳೆದು ಕಳಿಸಬಹುದು. ಹೊರಗೆ ಹೋಗಲಾಗದ ಕಡೆ ಜೂನಿವರ್ಸ್ ತಾಣದಲ್ಲಿ ಕಾಡಿನ ಕ್ಯಾಮೆರಾಗಳ ಚಿತ್ರಗಳನ್ನೋ ಗೆಲಾಕ್ಸಿಗಳ ಚಿತ್ರಗಳನ್ನೋ ಗುರುತಿಸಿ ವಿಂಗಡಿಸಬಹುದು. ಇದರ ಮೂಲವಾದ ಗೆಲಾಕ್ಸಿ ಜೂ 2007ರಲ್ಲಿ ಶುರುವಾದ ಹೊಸತರಲ್ಲೇ ಹಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ ಚಿತ್ರವೊಂದರಲ್ಲಿ ವಿಚಿತ್ರ ಮಸುಕು ಕಂಡು ‘ಇದೇನು?’ ಎಂದು ಕೇಳಿದರು. ಖಗೋಳಜ್ಞರ ಬಳಿ ಸಿದ್ಧ ಉತ್ತರ ಇರಲಿಲ್ಲ. ಆ ವಸ್ತುವಿಗೆ ಇಂದು ಅವರದೇ ಹೆಸರಿದೆ.

ಸಂಜೆಯ ಗುಂಪಿಗೆ ಇದು ಹೊಂದುವುದಕ್ಕೆ ಕಾರಣ ಬೇರೆ. ಮಗು ತಪ್ಪಿಸಿಕೊಂಡರೂ ದಾಖಲೆಯ ಪುಸ್ತಕ ತಪ್ಪಿಸಿಕೊಳ್ಳುವುದಿಲ್ಲ. ಇಂದು ಬಂದವರು ಇಂದಿನ ಉಷ್ಣಾಂಶ, ಮೋಡ, ಹಕ್ಕಿ ಬರೆಯುತ್ತಾರೆ. ನಾಳೆ ಬಂದವರು ನಾಳೆಯದು. ಮೂರು ತಿಂಗಳಾದ ಮೇಲೆ ಗೋಡೆಯ ಮೇಲೆ ಬಿಡಿಸಿದ ನಕ್ಷೆ ಎಲ್ಲರದೂ ಹೌದು. ಇಬ್ಬರು ಒಂದೇ ಹೊತ್ತಿಗೆ ಅಳೆದೂ ಬೇರೆ ಬೇರೆ ಅಂಕಿ ಬರೆದ ದಿನ ಬರುತ್ತದೆ, ಅದು ಒಳ್ಳೆಯ ದಿನ: ಒಬ್ಬರು ಥರ್ಮಾಮೀಟರನ್ನು ಬಿಸಿಲಿನಲ್ಲಿ ಇಟ್ಟಿದ್ದರು ಎಂಬುದು ಹೊರಬೀಳುವ ಹೊತ್ತಿಗೆ ಅಳತೆಯ ಪಾಠ ತಾನಾಗಿ ಆಗಿರುತ್ತದೆ. ಕೊರತೆ ಎಂದರೆ ನಿಧಾನ. ಮೊದಲ ವಾರದಲ್ಲೇ ‘ವಾವ್’ ಬೇಕು ಎನ್ನುವ ಗುಂಪಿಗೆ ಬರಿಯ ಇದನ್ನೇ ಕೊಡಬೇಡಿ. ಸಂಜೆಯ ಮೊದಲ ಹತ್ತು ನಿಮಿಷ ಇದಕ್ಕೆ, ಉಳಿದದ್ದು ಇನ್ನೊಂದಕ್ಕೆ ಎಂದು ಹಂಚಿಕೊಳ್ಳಿ.

ಮೂರು ಆಯಾಮದ ಪ್ರಿಂಟರ್

ದಾನಿಗಳು ಕೊಡಲು ಮುಂದೆ ಬರುವುದು, ಫೋಟೊದಲ್ಲಿ ಚೆನ್ನಾಗಿ ಕಾಣುವುದು ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ವಸ್ತು ಕಟ್ಟುವ ಈ ಯಂತ್ರವೇ. ಲೆಕ್ಕ ಸರಳ: ಒಂದು ಪುಟ್ಟ ಕೀಲಿಗೊಂಚಲಿಗೆ ಅರ್ಧ ಗಂಟೆ ಎಂದರೂ ಹತ್ತು ಮಕ್ಕಳಿಗೆ ಐದು ಗಂಟೆ. ಬಿಸಿ ತುದಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯುತ್ತದೆ, ಆದ್ದರಿಂದ ಒಬ್ಬರು ಕಾವಲು ಕೂರಬೇಕು. ದೀಪದ ತಂತಿಗೂ ದಾರಕ್ಕೂ ಗತಿಯಿಲ್ಲದ ಕೇಂದ್ರದಲ್ಲಿ ಇದು ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ.

ಯಾರು ನಡೆಸಬೇಕು, ಹೇಗೆ ಹರಡಬೇಕು

ಒಂದು ಗುಂಪಿನಲ್ಲಿ ನಡೆದದ್ದನ್ನು ಐದು ಗುಂಪಿಗೆ ಹರಡುವಾಗ ಸಾಮಗ್ರಿ ಅಷ್ಟು ಅಡ್ಡ ಬರುವುದಿಲ್ಲ, ಜನ ಸಿಗುವುದು ಕಷ್ಟ. ಕಂಪನಿಗಳಿಂದ ಬರುವ ಸ್ವಯಂಸೇವಕ ಎಂಜಿನಿಯರುಗಳು ವಿಷಯ ಬಲ್ಲವರು. ಆದರೆ ಸಾಲು ಸಾಲು ಸ್ಲೈಡ್ ತೋರಿಸಿ ಹೋಗುತ್ತಾರೆ, ಆಮೇಲೆ ಕೆಲಸದ ಒತ್ತಡ ಎಂದು ತಪ್ಪಿಸಿಕೊಳ್ಳುತ್ತಾರೆ. ಅವರನ್ನು ಪಾಠಕ್ಕೆ ಕರೆಯುವ ಬದಲು ಮಕ್ಕಳ ಕೆಲಸ ನೋಡಿ ಪ್ರಶ್ನೆ ಕೇಳಲು ತಿಂಗಳಿಗೊಮ್ಮೆ ಕರೆಯಿರಿ. ಹೊರಗಿನ ಸಂಸ್ಥೆಗೆ ಗುತ್ತಿಗೆ ಕೊಟ್ಟರೆ ಮರುದಿನದಿಂದಲೇ ತರಗತಿ ನಡೆಯುತ್ತದೆ, ಗುತ್ತಿಗೆ ಮುಗಿದ ಮರುದಿನ ನಿಲ್ಲುತ್ತದೆ. ನಿತ್ಯ ಮಕ್ಕಳ ಜೊತೆ ಇರುವ ನಿಮ್ಮದೇ ಸಿಬ್ಬಂದಿಗೆ ತರಬೇತಿ ಕೊಡುವುದು ನಿಧಾನ. ಆದರೆ ಪ್ರತಿಯೊಂದು ಮಗುವಿನ ಹೆಸರು, ಜಗಳ, ಹಟ ಎಲ್ಲ ಗೊತ್ತಿರುವವರು ಅವರೇ. ನಾನು ಅವರ ಮೇಲೆ ಹಣ ಹಾಕುತ್ತೇನೆ. ತರಬೇತಿ ಎಂದರೆ ಭಾಷಣ ಬೇಡ. ಮಕ್ಕಳು ಮಾಡಲಿರುವ ಕೆಲಸವನ್ನೇ, ಅವರಿಗಿರುವ 55 ನಿಮಿಷದಲ್ಲಿ, ಸಿಬ್ಬಂದಿ ತಾವೇ ಮಾಡಬೇಕು, ಒಮ್ಮೆಯಾದರೂ ಸೋಲಬೇಕು.

ಹಳೆಯ ಮಕ್ಕಳು ಇನ್ನೊಂದು ದೊಡ್ಡ ಆಸ್ತಿ. 1993ರಲ್ಲಿ ಬಾಸ್ಟನ್ನಿನಲ್ಲಿ ಕಂಪ್ಯೂಟರ್ ಮ್ಯೂಸಿಯಂ ಮತ್ತು ಎಂಐಟಿ ಮೀಡಿಯಾ ಲ್ಯಾಬ್ ಸೇರಿ ತೆರೆದ ಕಂಪ್ಯೂಟರ್ ಕ್ಲಬ್‌ಹೌಸ್, ಶಾಲೆ ಬಿಟ್ಟ ಮೇಲೆ ಬರುವ ಮಕ್ಕಳಿಗೆ ಪಠ್ಯವಿಲ್ಲದೆ ಅವರವರ ಆಸಕ್ತಿಯ ಯೋಜನೆ ಮಾಡಲು ಬಿಟ್ಟಿತು. ಪಕ್ಕದಲ್ಲಿ ಮಾರ್ಗದರ್ಶಕರು ಇರುತ್ತಿದ್ದರು. 2011ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಕೋಡರ್‌ಡೋಜೊ ಎಂಬ ಮಕ್ಕಳ ಕೋಡಿಂಗ್ ಗುಂಪುಗಳಲ್ಲಿ ‘ಮೊದಲು ಮೂವರನ್ನು ಕೇಳು, ಆಮೇಲೆ ನನ್ನನ್ನು’ ಎಂಬ ನಿಯಮ ಪ್ರಸಿದ್ಧವಾಯಿತು. ಇಪ್ಪತ್ತು ಮಕ್ಕಳಿಗೆ ಒಬ್ಬರೇ ಹಿರಿಯರಿರುವ ಕಡೆ ಈ ನಿಯಮವಿಲ್ಲದೆ ಒಂದು ಸಂಜೆಯೂ ಸಾಗದು.

ಐದು ಕಡೆಗೆ ಐದು ಸೆಟ್ ಕೊಳ್ಳುವ ಬದಲು ಒಂದೇ ಪೆಟ್ಟಿಗೆ ವಾರಕ್ಕೊಂದು ಕಡೆ ಸುತ್ತಾಡಲಿ. ಮುಚ್ಚಳದ ಒಳಬದಿಗೆ ಸಾಮಾನುಗಳ ಪಟ್ಟಿ ಅಂಟಿಸಿ, ಬರುವಾಗ ಹೋಗುವಾಗ ಮಕ್ಕಳೇ ಎಣಿಸಿ ಗುರುತು ಹಾಕಲಿ. ಮೊದಲ ಎರಡು ತಿಂಗಳು ದಾರ, ಎಲ್‌ಇಡಿ, ಗಾಳಿಕೊಳವೆ. ಜೊತೆಗೆ ಹವೆಯ ಪುಸ್ತಕ. ಹಾಜರಿ ಸ್ಥಿರವಾದ ಕೇಂದ್ರಗಳಿಗೆ ಸ್ಕ್ರ್ಯಾಚ್, ಆಮೇಲೆ ಮೈಕ್ರೋಬಿಟ್. ರೋಬಾಟ್ ತಂಡವನ್ನು ಮಕ್ಕಳೇ ಕೇಳುವವರೆಗೆ ಮುಟ್ಟಬೇಡಿ.

ಮಾರಾಟಗಾರರು ಬಂದಾಗ ಕೇಳಬೇಕಾದವು ಕೆಲವಿವೆ. ಇಂಟರ್ನೆಟ್ ಇಲ್ಲದೆ ಇದು ಎಷ್ಟು ಕೆಲಸ ಮಾಡುತ್ತದೆ? ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಬೇಕೇ, ಆ ಮಾಹಿತಿ ಎಲ್ಲಿ ಉಳಿಯುತ್ತದೆ? ನಿಮ್ಮ ತರಬೇತುದಾರರು ಬಾರದ ದಿನ ನಮ್ಮವರು ಇದನ್ನು ನಡೆಸಬಹುದೇ? ಇವಕ್ಕೆಲ್ಲ ಸಿದ್ಧ ಉತ್ತರ ಇರುತ್ತದೆ. ಹಾಗಾಗಿ ನಾನು ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ: ಈ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವ ಭಾಗ ಯಾವುದು, ಅದು ಬಿಡಿಯಾಗಿ ಸಿಗುತ್ತದೆಯೇ? ಈಚೆಗೆ ಒಬ್ಬರು ಪೆಟ್ಟಿಗೆಯೊಳಗೆ ಸ್ವಲ್ಪ ಹೊತ್ತು ನೋಡಿ, ‘ಚಾರ್ಜರ್ ಸರ್’ ಎಂದರು. ಬಿಡಿಯಾಗಿ ಸಿಗುವುದಿಲ್ಲವಂತೆ.